ಭೋಗ್ಯಕ್ಕೆ ಮನೆ ಹಿಡಿಯುವವರು ನಿಜವಾಗಿ ಕೊಡುವುದು ಸಾಲ

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ಬಾಡಿಗೆ ಫಲಕಗಳಷ್ಟೇ ಸಾಮಾನ್ಯವಾಗಿ ‘ಮನೆ ಲೀಸ್‌ಗೆ ಇದೆ’ ಎಂಬ ಫಲಕಗಳೂ ಕಾಣಿಸುತ್ತವೆ. ಒಂದೇ ಗಂಟಿನಲ್ಲಿ ಹತ್ತೋ ಹದಿನೈದೋ ಲಕ್ಷ ರೂಪಾಯಿ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಮನೆ ಬಿಡುವಾಗ ಅಷ್ಟೂ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುವ ಈ ಏರ್ಪಾಡನ್ನು ಮಧ್ಯಮ ವರ್ಗದ ಕುಟುಂಬಗಳು ಬಹಳ ಲಾಭದ ವ್ಯವಹಾರವೆಂದು ಭಾವಿಸುತ್ತವೆ. 15 ಲಕ್ಷವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ತಿಂಗಳಿಗೆ 8,750 ರೂಪಾಯಿ ಬರುತ್ತದೆ. ಅದೇ ಹಣದಲ್ಲಿ 20,000 ರೂಪಾಯಿ ಬಾಡಿಗೆಯ ಮನೆ ಸಿಗುವುದಾದರೆ ಯಾರಿಗೆ ಬೇಡ?

ಈ ಲೆಕ್ಕವನ್ನು ಮಾಲೀಕರ ಕಡೆಯಿಂದಲೂ ಒಮ್ಮೆ ಹಾಕಬೇಕು. ತಿಂಗಳಿಗೆ 20,000 ರೂಪಾಯಿ ತರಬಲ್ಲ ಮನೆಯನ್ನು 15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟವರು ವರ್ಷಕ್ಕೆ 2,40,000 ರೂಪಾಯಿ ಬಾಡಿಗೆಯನ್ನು ಬಿಟ್ಟುಕೊಡುತ್ತಾರೆ, ಅಂದರೆ ಪಡೆದ ಹಣಕ್ಕೆ ಶೇ 16ರಂತೆ ಬಡ್ಡಿ ತೆರುತ್ತಾರೆ. ಅದರ ಅರ್ಧದಷ್ಟು ಬಡ್ಡಿಗೆ ಗೃಹಸಾಲ ದೊರೆಯುವ ಕಾಲದಲ್ಲಿ ಒಬ್ಬರು ಶೇ 16 ಕೊಡಲು ಮುಂದಾಗುತ್ತಾರೆಂದರೆ, ಬ್ಯಾಂಕು ಅವರಿಗೆ ಇನ್ನು ಸಾಲ ಕೊಡುತ್ತಿಲ್ಲ ಎಂದೇ ಮೊದಲು ಊಹಿಸಬೇಕು. ಸ್ವತ್ತಿಗೆ ಬಿ ಖಾತೆ, ಅಂದರೆ ನಿಯಮಬದ್ಧವಲ್ಲದ ಸ್ವತ್ತುಗಳಿಗೆ ಪಾಲಿಕೆ ಕೊಡುವ ಖಾತೆ, ಇರಬಹುದು, ನಕ್ಷೆ ಮಂಜೂರಾತಿಯನ್ನು ಮೀರಿ ಮಹಡಿ ಎಬ್ಬಿಸಿರಬಹುದು, ಅಥವಾ ಈಗಾಗಲೇ ಇರುವ ಸಾಲದ ಕಂತುಗಳು ಬಾಕಿ ಬಿದ್ದಿರಬಹುದು. ಎಲ್ಲ ಮಾಲೀಕರೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಕೆಳಮನೆಯನ್ನು ಭೋಗ್ಯಕ್ಕೆ ಕೊಟ್ಟು ಅದರ ಹಣದಲ್ಲಿ ಮೇಲಿನ ಮಹಡಿ ಕಟ್ಟಿಸಿ, ಹೇಳಿದ ದಿನಕ್ಕೆ ಸರಿಯಾಗಿ ಹಣ ಹಿಂದಿರುಗಿಸಿದ ಸಜ್ಜನರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅವರಲ್ಲಿಯೂ ಬಹುಪಾಲು ಜನ ಹಳೆಯ ಬಾಡಿಗೆದಾರರ ಹಣವನ್ನು ತೀರಿಸುವುದು ಹೊಸ ಬಾಡಿಗೆದಾರರು ತಂದ ಹಣದಿಂದಲೇ ಎಂಬುದನ್ನು ಮರೆಯಬಾರದು.

ಕೆಲವು ತಿಂಗಳ ಹಿಂದೆ ನನ್ನ ಚಿಕ್ಕಪ್ಪನ ಮಗ ಇಂಥದೇ ಒಂದು ಕರಾರು ಪತ್ರದ ಕರಡನ್ನು ಓದಿ ನೋಡಲು ಕಳುಹಿಸಿದ್ದ. ಅವಧಿ ಮೂರು ವರ್ಷ, ಕಡಿಮೆ ಬೆಲೆಯ ಇ-ಸ್ಟಾಂಪ್ ಕಾಗದ, ಕೊನೆಯಲ್ಲಿ ನೋಟರಿಯವರ ಮೊಹರಿಗೆ ಬಿಟ್ಟ ಜಾಗ. ನೋಂದಣಿಯ ಮಾತು ಎಲ್ಲಿಯೂ ಇರಲಿಲ್ಲ. ನೋಟರಿ ಮಾಡಿಸಿದರೆ ಪತ್ರ ‘ಗಟ್ಟಿ’ಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ನಿಲ್ಲುವುದಕ್ಕೆ ಕಾರಣವೂ ಇದೇ. ನೋಂದಣಿಯಾಗದ ಮೂರು ವರ್ಷದ ಭೋಗ್ಯವನ್ನು ಕಾನೂನು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯೆಂದೇ ನೋಡುತ್ತದೆ, ಮತ್ತು ಅಂಥ ಬಾಡಿಗೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಅಡಿಯಲ್ಲಿ ಹದಿನೈದು ದಿನಗಳ ನೋಟಿಸಿನಿಂದ ಮುಗಿಸಬಹುದು. ಹದಿನೈದು ಲಕ್ಷ ಕೊಟ್ಟವರಿಗೆ ಸಿಗುವ ಭದ್ರತೆ ಹದಿನೈದು ದಿನ! ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ.

ನೋಂದಣಿಯಾಗದ ಪತ್ರವನ್ನು ಹಣ ಕೊಟ್ಟದ್ದು, ಸ್ವಾಧೀನ ಪಡೆದದ್ದು ಮೊದಲಾದ ಪೂರಕ ಸಂಗತಿಗಳಿಗೆ ಸಾಕ್ಷ್ಯವಾಗಿ ತೋರಿಸಲು ನೋಂದಣಿ ಕಾಯ್ದೆಯ 49ನೇ ಕಲಂ ಸ್ವಲ್ಪ ಅವಕಾಶ ಬಿಟ್ಟಿದೆ. ಆದರೆ ಮುದ್ರಾಂಕ ಶುಲ್ಕವೂ ಕಡಿಮೆಯಾಗಿದ್ದರೆ ಆ ಬಾಗಿಲೂ ಮುಚ್ಚುತ್ತದೆ. ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಂ ಪ್ರಕಾರ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಅಂಥ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಸ್ಟಾಂಪ್ ಕಾಗದದಲ್ಲಿ ಉಳಿಸಿದ ಹಣ ದಾವೆಯ ದಿನ ಹೀಗೆ ಮುಂದೆ ಬಂದು ನಿಲ್ಲುತ್ತದೆ.

ಇನ್ನೂ ಒಂದು ತೊಡಕಿದೆ. ಹಣಕ್ಕೆ ಭದ್ರತೆಯಾಗಿ ಮನೆಯ ಸ್ವಾಧೀನವನ್ನು ಕೊಟ್ಟು, ಬಡ್ಡಿಯ ಬದಲು ಮನೆಯನ್ನು ಅನುಭವಿಸಲು ಬಿಟ್ಟರೆ, ಅದು ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಹೇಳಿರುವ ಸ್ವಾಧೀನ ಅಡಮಾನವನ್ನೇ ಹೋಲುತ್ತದೆ. ಅಡಮಾನವಾದರೆ ಹಣ ತೀರುವವರೆಗೆ ಸ್ವಾಧೀನವನ್ನು ಉಳಿಸಿಕೊಳ್ಳುವ ಹಕ್ಕು ಹಣ ಕೊಟ್ಟವರಿಗೆ ಬರುತ್ತದೆ, ಬರಿಯ ಗುತ್ತಿಗೆಯಲ್ಲಿ ಆ ಬಲವಿಲ್ಲ. ಆದರೆ 59ನೇ ಕಲಂ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂಥ ಅಡಮಾನಕ್ಕೆ ನೋಂದಣಿಯೂ ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣವೂ ಬೇಕೇ ಬೇಕು, ಮುದ್ರಾಂಕ ಶುಲ್ಕವೂ ದುಬಾರಿ. ಆದ್ದರಿಂದಲೇ ಎರಡೂ ಕಡೆಯವರು ಸೇರಿ ಅದನ್ನು ಲೀಸ್ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಮನೆಯ ಮೇಲೆ ಮೊದಲೇ ಇರುವ ಬ್ಯಾಂಕ್ ಸಾಲ. ಅಡಮಾನವಿಟ್ಟ ಮನೆಯನ್ನು ಮಾಲೀಕರು ಗುತ್ತಿಗೆಗೆ ಕೊಡಲು ಅದೇ ಕಾಯ್ದೆಯ 65-ಎ ಕಲಂ ಕೆಲವು ಷರತ್ತುಗಳೊಡನೆ ಒಪ್ಪುತ್ತದೆ: ನ್ಯಾಯವಾಗಿ ಸಿಗಬಹುದಾದ ಉತ್ತಮ ಬಾಡಿಗೆಯನ್ನೇ ಗೊತ್ತುಪಡಿಸಬೇಕು, ಮುಂಗಡವಾಗಿ ಬಾಡಿಗೆ ಪಡೆಯಬಾರದು, ಕಟ್ಟಡವಾದರೆ ಅವಧಿ ಮೂರು ವರ್ಷ ಮೀರಬಾರದು. ಬಾಡಿಗೆಯೇ ಇಲ್ಲದೆ ಪೂರ್ತಿ ಹಣವನ್ನು ಮೊದಲೇ ಎಣಿಸಿಕೊಳ್ಳುವ ಭೋಗ್ಯ ಈ ಷರತ್ತುಗಳಿಗೆ ಹೇಗೆ ಹೊಂದೀತು? ಇದರ ಮೇಲೆ, ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಯಾರಿಗೂ ಗುತ್ತಿಗೆಗೆ ಕೊಡಬಾರದು ಎಂಬ ಮಾತು ಸಾಲದ ಕರಾರಿನಲ್ಲಿಯೇ ಸಾಮಾನ್ಯವಾಗಿ ಇರುತ್ತದೆ. ಕಂತು ತಪ್ಪಿದಾಗ, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಸ್ವತ್ತನ್ನು ವಶಪಡಿಸಿಕೊಂಡು ಮಾರಲು ಬ್ಯಾಂಕುಗಳಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅರವತ್ತು ದಿನಗಳ ನೋಟಿಸು ಕೊಡುತ್ತದೆ; ಆ ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹೊಸದಾಗಿ ಗುತ್ತಿಗೆ ಕೊಡುವಂತಿಲ್ಲ. ಹಣ ಹೊಂದಿಸಲು ಪರದಾಡುತ್ತಿರುವ ಮಾಲೀಕರು ‘ಲೀಸ್‌ಗೆ ಇದೆ’ ಎಂದು ಫಲಕ ಹಾಕುವುದು ಎಷ್ಟೋ ಸಲ ಆ ಅರವತ್ತು ದಿನಗಳಲ್ಲಿಯೇ.

ನೋಂದಾಯಿತ ಪತ್ರವಿಲ್ಲದ ಬಾಡಿಗೆದಾರರು ಕಾನೂನು ಅನುಮತಿಸಿದ ಅವಧಿಯನ್ನು ಮೀರಿ ಅಡಮಾನದ ಮನೆಯಲ್ಲಿ ಉಳಿಯುವ ಹಕ್ಕು ಕೇಳಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಎದುರುದಾರನಾಗಿದ್ದ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ. ಮನೆ ಹರಾಜಾದ ಮೇಲೆ ಭೋಗ್ಯದ ಹಣಕ್ಕಾಗಿ ಮಾಲೀಕರ ಹಿಂದೆಯೇ ಅಲೆಯಬೇಕು, ಅವರೋ ಆಗಲೇ ದಿವಾಳಿಯಾಗಿರುತ್ತಾರೆ.

ಆದುದರಿಂದ ಸಾಲ ಕೊಡುವ ಬ್ಯಾಂಕು ಏನನ್ನು ನೋಡುತ್ತದೆಯೋ ಅದನ್ನೇ ನಾವೂ ನೋಡಬೇಕು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸುವುದು ಮೊದಲ ಹೆಜ್ಜೆ. ಆದರೆ ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಒಪ್ಪಿಸಿ ಮಾಡಿದ ಅಡಮಾನ ನೋಂದಣಿಯಿಲ್ಲದೆಯೂ ಸಿಂಧುವಾಗಬಹುದಾದ್ದರಿಂದ ಇ.ಸಿ. ಒಂದನ್ನೇ ನಂಬಿ ಕೂರುವಂತಿಲ್ಲ. ಬ್ಯಾಂಕುಗಳು ತಮ್ಮ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯನ್ನು ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಮೂಲ ಕ್ರಯಪತ್ರವನ್ನು ತೋರಿಸಿ ಎಂದು ಕೇಳಿದಾಗ ಜೆರಾಕ್ಸ್ ಪ್ರತಿಯನ್ನಷ್ಟೇ ಮುಂದಿಟ್ಟರೆ ಮೂಲ ಎಲ್ಲಿದೆ ಎಂದು ವಿಚಾರಿಸಲೇಬೇಕು. ಖಾತೆ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮಕ್ಕಳೆಲ್ಲರೂ, ಹೆಣ್ಣುಮಕ್ಕಳೂ ಸೇರಿದಂತೆ, ಪತ್ರಕ್ಕೆ ಸಹಿ ಹಾಕಬೇಕು.

ಇತ್ತೀಚೆಗೆ ಹೆಚ್ಚಿರುವ ಇನ್ನೊಂದು ಬಗೆಯ ಮೋಸದಲ್ಲಿ ಮಧ್ಯವರ್ತಿ ಸಂಸ್ಥೆಯೊಂದು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು, ಅದನ್ನೇ ಬೇರೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ನಂತರ ಕಣ್ಮರೆಯಾಗುತ್ತದೆ. ಆಗ ಬಾಡಿಗೆ ಬರಲಿಲ್ಲವೆಂದು ಮಾಲೀಕರು, ಹಣ ಕೊಟ್ಟಿದ್ದೇವೆಂದು ವಾಸವಿರುವವರು, ಇಬ್ಬರೂ ನ್ಯಾಯವಾಗಿಯೇ ಜಗಳಕ್ಕೆ ನಿಲ್ಲುತ್ತಾರೆ. ಪೊಲೀಸರು ಹಲವು ಬಾರಿ ಇದನ್ನು ಸಿವಿಲ್ ವ್ಯಾಜ್ಯವೆಂದು ಕಳುಹಿಸಿಬಿಡುತ್ತಾರೆ. ಪತ್ರಕ್ಕೆ ಮಾಲೀಕರೇ ಸಹಿ ಹಾಕಬೇಕು, ಹಣ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು. ಸಾಲವಾಗಿ ಅಥವಾ ಠೇವಣಿಯಾಗಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿರುವುದರಿಂದ, ‘ಅರ್ಧ ನಗದು ಕೊಡಿ’ ಎನ್ನುವವರ ಸಹವಾಸವೇ ಬೇಡ.

ಮನೆ ಕೊಳ್ಳುವವರಿಗೂ ಇದು ಸಂಬಂಧಿಸಿದ್ದೇ. ಸ್ವತ್ತಿನಲ್ಲಿ ವಾಸವಿರುವವರ ಹಕ್ಕು ಖರೀದಿದಾರರಿಗೆ ತಿಳಿದಿತ್ತೆಂದೇ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನ ವಿವರಣೆ ಭಾವಿಸುತ್ತದೆ. ಒಳಗಿರುವವರನ್ನು ‘ನೀವು ಬಾಡಿಗೆಗೋ ಭೋಗ್ಯಕ್ಕೋ, ಎಷ್ಟು ಹಣ ಕೊಟ್ಟಿದ್ದೀರಿ’ ಎಂದು ಕೇಳಿ, ಆ ಮೊತ್ತವನ್ನು ಯಾರು ತೀರಿಸಬೇಕೆಂಬುದನ್ನು ಕ್ರಯಪತ್ರದಲ್ಲಿಯೇ ಬರೆಸಬೇಕು.

ನನ್ನ ತಮ್ಮನ ಕರಡಿಗೆ ಮರಳಿದರೆ, ಆ ಮನೆಯ ಮೇಲೆ ಗೃಹಸಾಲ ಬಾಕಿಯಿತ್ತು. ಬ್ಯಾಂಕಿನ ಒಪ್ಪಿಗೆ ಪತ್ರ, ನೋಂದಣಿ, ಮತ್ತು ಭೋಗ್ಯದ ಹಣದಲ್ಲಿ ಬಾಕಿಯಷ್ಟನ್ನು ನೇರವಾಗಿ ಸಾಲದ ಖಾತೆಗೇ ಕಟ್ಟುವುದು ಎಂಬ ಮೂರು ಷರತ್ತುಗಳನ್ನು ಬರೆದು ಕಳುಹಿಸಿದೆವು. ಮಾಲೀಕರು ನೋಂದಣಿಗೆ ಒಪ್ಪಿದರು, ಉಳಿದೆರಡಕ್ಕೆ ಒಪ್ಪಲಿಲ್ಲ. ಅವನು ಈಗ ಬೇರೊಂದು ಮನೆಯಲ್ಲಿ ತಿಂಗಳ ಬಾಡಿಗೆಗಿದ್ದಾನೆ.

ಈಗಾಗಲೇ ಭೋಗ್ಯದಲ್ಲಿರುವವರು, ಅವಧಿ ಮುಗಿದರೂ ‘ಹೊಸಬರು ಬರಲಿ, ಕೊಡುತ್ತೇನೆ’ ಎಂಬ ಮಾತನ್ನೇ ಕೇಳುತ್ತಿದ್ದರೆ, ದಿನಗಳನ್ನು ಎಣಿಸಿಕೊಳ್ಳಬೇಕು. ಬರಿಯ ಹಣ ವಸೂಲಿಯ ದಾವೆಗೆ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಕೊಡುವುದು ಮೂರು ವರ್ಷ, ಮತ್ತು ಬಾಯಿಮಾತಿನ ಭರವಸೆಯಿಂದ ಅದು ಒಂದು ದಿನವೂ ಹಿಗ್ಗುವುದಿಲ್ಲ. ಆ ಮೂರು ವರ್ಷದೊಳಗೆ ಮಾಲೀಕರು ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿಕೊಟ್ಟರೆ, 18ನೇ ಕಲಂ ಪ್ರಕಾರ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ.