ಡೇರಿಯ ಮುಂದಿನ ರಸ್ತೆ: ಏಳು ತಿಂಗಳ ಕೆಲಸದ ದಾಖಲೆ

ಜುಲೈ, ಮೊದಲ ವಾರ

ನಮ್ಮೂರು ಮಂಡ್ಯ ಜಿಲ್ಲೆಯ ನಾಲಾ ಬಯಲಿನಲ್ಲಿದೆ. ಮನೆಗಳೆಲ್ಲ ರಸ್ತೆಯ ಪಡುವಣಕ್ಕಿವೆ, ಹಾಲಿನ ಡೇರಿ ಮೂಡಣಕ್ಕಿದೆ. ಹೀಗಾಗಿ ಹಸು ಕಟ್ಟಿರುವ ಪ್ರತಿಯೊಂದು ಮನೆಯವರೂ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ಯಾನು ಹಿಡಿದು ರಸ್ತೆ ದಾಟಲೇಬೇಕು. ನಾನು ಆ ಡೇರಿಯ ಕಾರ್ಯದರ್ಶಿ. ಹಾಲಿನ ಡಿಗ್ರಿ, ಜಿಡ್ಡಿನಂಶ, ಲೀಟರಿನ ಲೆಕ್ಕವನ್ನು ದಿನಕ್ಕೆರಡು ಬಾರಿ ಬರೆದಿಡುವುದು ನನಗೆ ರೂಢಿಯಾಗಿರುವುದರಿಂದ, ರಸ್ತೆಯ ವಿಷಯವನ್ನೂ ಅದೇ ರೀತಿ ಬರೆದಿಡಲು ಒಂದು ಹೊಸ ಪುಸ್ತಕ ತೆರೆದಿದ್ದೇನೆ.

ಕಾರಣ ಇಷ್ಟೆ. ಕಳೆದ ತಿಂಗಳು ಸಂಜೆಯ ಹಾಲು ಹಾಕಿ ಹಿಂದಿರುಗುತ್ತಿದ್ದ ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಬೈಕು ತಗುಲಿ ತೊಡೆಯ ಮೂಳೆ ಮುರಿಯಿತು. ಮರುದಿನ ಅರಳಿಕಟ್ಟೆಯ ಬಳಿ ಸೇರಿದವರೆಲ್ಲರ ಬಾಯಲ್ಲೂ ಒಂದೇ ಮಾತು: ‘ಹಂಪ್ಸ್ ಹಾಕಿಸ್ಬೇಕು.’ ಆದರೆ ಹೋದ ವರ್ಷ ಊರಿನ ಹುಡುಗರು ರಾತ್ರೋರಾತ್ರಿ ಜಲ್ಲಿ, ಸಿಮೆಂಟು ಕಲಸಿ ಹಾಕಿದ ಉಬ್ಬು ಎಲ್ಲರಿಗೂ ನೆನಪಿದೆ. ಅದು ಮೊಣಕಾಲೆತ್ತರಕ್ಕೆ ಸ್ವಲ್ಪ ಕಡಿಮೆ ಇತ್ತು. ಬಿಳಿ ಪಟ್ಟಿಯಾಗಲಿ, ಮುಂಚಿತವಾಗಿ ಎಚ್ಚರಿಸುವ ಫಲಕವಾಗಲಿ ಇರಲಿಲ್ಲ. ಮೂರನೆಯ ದಿನ ಅದರ ಮೇಲೆ ಬಿದ್ದವರು ನಮ್ಮೂರಿನವರೇ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ದುಂಡನೆಯ ಉಬ್ಬು 10 ಸೆಂಟಿಮೀಟರ್ ಎತ್ತರವಿದ್ದು, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲವಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹಾಯುವ ವಾಹನಕ್ಕೆ ಹೊಂದುವಂತೆ ಆ ಅಳತೆ ಇದೆ, ಮತ್ತು ಅದನ್ನು ಹೇಳಿರುವುದು ಚಿಕ್ಕ ರಸ್ತೆಗಳಿಗೆ. ನಮ್ಮದು ಕಬ್ಬಿನ ಗಾಡಿ, ಬಸ್ಸು, ಲಾರಿಗಳೆಲ್ಲ ಓಡುವ ಜಿಲ್ಲಾ ಮುಖ್ಯ ರಸ್ತೆ. ಆದ್ದರಿಂದ ಉಬ್ಬು ಕೇಳುವ ಮೊದಲು ಅಪಾಯ ನಿಜವಾಗಿ ಎಲ್ಲಿದೆ, ಯಾವ ಹೊತ್ತಿನಲ್ಲಿದೆ ಎಂಬುದನ್ನು ಅಳೆಯಬೇಕೆಂದು ನಿಶ್ಚಯಿಸಿದೆ.

ಜುಲೈ, ಕೊನೆಯ ವಾರ

ವೇಗ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಡಿಪ್ಲೊಮಾ ಓದುತ್ತಿರುವ ನನ್ನ ತಂಗಿಯ ಮಗ ಜಮೀನು ಅಳೆಯುವ ಟೇಪಿನಿಂದ ಡೇರಿಯ ಹೊಂಗೆಮರದಿಂದ ಆಚೆಗೆ 50 ಮೀಟರ್ ಅಳೆದು ಎರಡು ಸುಣ್ಣದ ಗೆರೆ ಎಳೆದ. ವಾಹನವು ಮೊದಲ ಗೆರೆ ದಾಟಿದಾಗ ಮೊಬೈಲಿನ ಗಡಿಯಾರ ಒತ್ತಿ, ಎರಡನೆಯ ಗೆರೆಯಲ್ಲಿ ನಿಲ್ಲಿಸಿದರೆ ಸೆಕೆಂಡು ಸಿಗುತ್ತದೆ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. ಮೂರು ಸೆಕೆಂಡಾದರೆ 60, ಆರಾದರೆ 30.

ಮೊದಲ ಎರಡು ದಿನದ ಬರಹವನ್ನು ನಾನೇ ಹೊಡೆದುಹಾಕಬೇಕಾಯಿತು. ಒಂದೇ ವಾಹನಕ್ಕೆ ಇಬ್ಬರು ಗಡಿಯಾರ ಒತ್ತಿದಾಗ ಅರ್ಧ ಸೆಕೆಂಡಿನ ವ್ಯತ್ಯಾಸ ಬರುತ್ತಿತ್ತು. ಮೂರು ಸೆಕೆಂಡಿನಲ್ಲಿ ಅರ್ಧ ಸೆಕೆಂಡು ಕಡಿಮೆಯಾದರೆ 60 ಇದ್ದದ್ದು 72 ಆಗುತ್ತದೆ, ಹೆಚ್ಚಾದರೆ 51ಕ್ಕೆ ಇಳಿಯುತ್ತದೆ. ಇಷ್ಟು ಸಡಿಲವಾದ ಲೆಕ್ಕವನ್ನು ಯಾರ ಮುಂದೆಯೂ ಇಡಲಾಗದು. ಆದ್ದರಿಂದ ಗೆರೆಗಳ ನಡುವಿನ ದೂರವನ್ನು 100 ಮೀಟರಿಗೆ ಹೆಚ್ಚಿಸಿ 360ರಿಂದ ಲೆಕ್ಕ ಹಾಕಿದೆವು. ಅದೇ ಅರ್ಧ ಸೆಕೆಂಡಿನ ತಪ್ಪು ಈಗ 60ನ್ನು 55ಕ್ಕೋ 65ಕ್ಕೋ ಸರಿಸುತ್ತದೆ, ಅಷ್ಟೆ. ಒಂದು ವಾರ ಬೆಳಗ್ಗೆ ಮತ್ತು ಸಂಜೆಯ ಡೇರಿ ಹೊತ್ತಿನಲ್ಲಿ ಅಳೆದಾಗ ಕಾರು ಮತ್ತು ಬೈಕುಗಳಲ್ಲಿ ಹೆಚ್ಚಿನವು ಏಳು ಸೆಕೆಂಡಿನ ಒಳಗೇ ದಾಟಿದವು. ಅಂದರೆ ಅವುಗಳ ವೇಗ 50ನ್ನು ಮೀರಿತ್ತು. ಜನ ದೂರುತ್ತಿದ್ದ ಬಸ್ಸುಗಳು ಅಷ್ಟು ವೇಗದಲ್ಲಿರಲಿಲ್ಲ. ನಿಲ್ದಾಣ ಹತ್ತಿರವಿರುವುದರಿಂದ ಅವು ಆಗಲೇ ನಿಧಾನಿಸಿರುತ್ತವೆ.

ಆಗಸ್ಟ್, ಎರಡನೆಯ ವಾರ

ಈ ವಾರದ ಕೆಲಸ ನನ್ನ ತಿಳಿವಳಿಕೆಯನ್ನೇ ಬದಲಿಸಿತು. ವೇಗ ಎಷ್ಟಿದೆ ಎಂಬುದರ ಜೊತೆಗೆ, ದಾಟುವವರು ಚಾಲಕನಿಗೆ ಎಷ್ಟು ದೂರದಿಂದ ಕಾಣುತ್ತಾರೆ ಎಂಬುದನ್ನೂ ನೋಡಬೇಕು. ಗಂಟೆಗೆ 60ರ ವೇಗದಲ್ಲಿ ವಾಹನವು ಸೆಕೆಂಡಿಗೆ ಹೆಚ್ಚು ಕಡಿಮೆ 17 ಮೀಟರ್ ಸಾಗುತ್ತದೆ. ಎದುರಿನದನ್ನು ಕಂಡು, ಅರಿತು, ಬ್ರೇಕಿನ ಮೇಲೆ ಕಾಲಿಡಲು ಎರಡೂವರೆ ಸೆಕೆಂಡು ಬೇಕೆಂದು ನಮ್ಮ ದೇಶದ ರಸ್ತೆ ಮಾನದಂಡ ಲೆಕ್ಕ ಹಿಡಿಯುತ್ತದೆ. ಅಷ್ಟರಲ್ಲೇ 40 ಮೀಟರಿಗೂ ಮಿಕ್ಕಿ ದಾರಿ ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಮತ್ತಷ್ಟೇ ಬೇಕು. ಹೀಗೆ 60ರ ವೇಗಕ್ಕೆ 80 ಮೀಟರ್, 50ಕ್ಕೆ 60 ಮೀಟರ್, 40ಕ್ಕೆ 45 ಮೀಟರ್ ದೂರ ಕಣ್ಣಿಗೆ ಕಾಣುತ್ತಿರಬೇಕು ಎಂಬ ನಿಯಮವಿದೆ.

ಚಾಲಕನ ಕಣ್ಣು ರಸ್ತೆಯಿಂದ 1.2 ಮೀಟರ್ ಎತ್ತರದಲ್ಲಿರುತ್ತದೆ ಎಂದು ಎಂಜಿನಿಯರರು ಇಟ್ಟುಕೊಂಡಿರುವ ಲೆಕ್ಕದಂತೆ, ಒಂದು ಕೋಲಿಗೆ ಆ ಎತ್ತರದಲ್ಲಿ ಗುರುತು ಹಾಕಿ, ತಂಗಿಯ ಮಗ ತಿರುವಿನ ಕಡೆಯಿಂದ ಹೆಜ್ಜೆ ಹೆಜ್ಜೆಯಾಗಿ ಬಂದ. ಡೇರಿಯ ಬಾಗಿಲಿನಿಂದ ರಸ್ತೆಗೆ ಇಳಿಯುವ ಜಾಗದಲ್ಲಿ ಕ್ಯಾನು ಹಿಡಿದು ನಿಂತಿದ್ದ ನಾನು ಅವನ ಕಣ್ಣಿಗೆ ಬಿದ್ದಾಗ ನಮ್ಮ ನಡುವೆ ಇದ್ದದ್ದು 52 ಮೀಟರ್. ಅಂದರೆ 40ರ ವೇಗದಲ್ಲಿ ಬಂದವನು ನಿಲ್ಲಿಸಬಲ್ಲ, 60ರಲ್ಲಿ ಬಂದವನು ಎಷ್ಟು ಒಳ್ಳೆಯ ಚಾಲಕನಾದರೂ ನಿಲ್ಲಿಸಲಾರ. ಅಜ್ಜಿಯನ್ನು ಕೆಡವಿದ ಹುಡುಗನನ್ನು ನಾವೆಲ್ಲ ಬೈದಿದ್ದೆವು. ಆತ ವೇಗವಾಗಿ ಬಂದದ್ದು ತಪ್ಪೇ, ಆದರೆ ‘ಕಾಣಿಸಲೇ ಇಲ್ಲ’ ಎಂದು ಅವನು ಅಂದು ಹೇಳಿದ್ದು ಸುಳ್ಳಾಗಿರಲಿಲ್ಲ.

ತಿರುವಿನಲ್ಲಿ ನೋಟವನ್ನು ಮರೆಮಾಡಿದ್ದು ಮೂರು: ಲಾಂಟಾನದ ಪೊದೆ, ಒಂದು ತಿಪ್ಪೆ, ಮತ್ತು ರಸ್ತೆಯಂಚಿಗೇ ಒಟ್ಟಿದ್ದ ಹುಲ್ಲಿನ ಮೆದೆ. ಮೂರಕ್ಕೂ ನಾವೇ ಹೊಣೆ.

ಆಗಸ್ಟ್, ಕೊನೆಯ ವಾರ

ಪೊದೆಯನ್ನು ಸಂಘದ ಹೆಂಗಸರು ಒಂದೇ ಬೆಳಗಿನಲ್ಲಿ ಸವರಿದರು. ತಿಪ್ಪೆಯ ಗೊಬ್ಬರವನ್ನು ಅದರ ಒಡೆಯರು ಗದ್ದೆಗೆ ಹೊಡೆಸಿಕೊಂಡರು. ಮೆದೆಯ ವಿಚಾರ ಮಾತ್ರ ಸುಲಭವಾಗಿರಲಿಲ್ಲ. ಅದು ನನ್ನ ದೊಡ್ಡಪ್ಪನವರದು. ಮೂರು ಹಸುಗಳ ಇಡೀ ಬೇಸಿಗೆಯ ಮೇವು, ಬೇರೆ ಕಡೆ ಒಟ್ಟಲು ಅವರಿಗೆ ಕಣವಿಲ್ಲ. ‘ನಲವತ್ತು ವರ್ಷದಿಂದ ಇಲ್ಲೇ ಒಟ್ತಾ ಇದ್ದೀನಲ್ಲವ್ವ’ ಎಂದರು. ನಾನು ವಾದಿಸಲಿಲ್ಲ. ಮರುದಿನ ಸಂಜೆ ಅವರನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ತಂಗಿಯ ಮಗ ತಿರುವಿನ ಕಡೆಯಿಂದ ನಿಧಾನವಾಗಿ ಬಂದ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರು ದೊಡ್ಡವ್ವ. ಇಳಿದ ಮೇಲೆ ದೊಡ್ಡಪ್ಪನವರು ಬಹಳ ಹೊತ್ತು ಏನೂ ಹೇಳಲಿಲ್ಲ. ನಾಲ್ಕು ದಿನದ ನಂತರ ಮೆದೆಯನ್ನು ಬಿಚ್ಚಿ ಪಕ್ಕದ ಮನೆಯ ಹಿತ್ತಿಲಿಗೆ ಸಾಗಿಸಲು ಎಂಟು ಜನ ಸೇರಿದೆವು. ಈಗ ಅದೇ ಜಾಗದಿಂದ ಅಳೆದರೆ 78 ಮೀಟರ್ ಕಾಣುತ್ತದೆ. 80ಕ್ಕೆ ಎರಡು ಮೀಟರ್ ಕಡಿಮೆ. ಆ ಎರಡು ಮೀಟರನ್ನು ಮರೆಮಾಡಿರುವುದು ಹಳೆಯ ಹುಣಸೆಮರ. ಅದನ್ನು ಕಡಿಯಬಾರದೆಂಬುದು ನನ್ನ ಅಭಿಪ್ರಾಯ, ವೇಗ ತಗ್ಗಿಸುವುದೇ ಸರಿ.

ಸೆಪ್ಟೆಂಬರ್

ಕಬ್ಬು ಅರೆಯುವ ಹಂಗಾಮು ಜೋರಾಗಿದೆ. ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಟ್ರೈಲರ್ ಕಟ್ಟಿಕೊಂಡು ಕತ್ತಲಾದ ಮೇಲೂ ಸಾಗುತ್ತವೆ. ಟ್ರೈಲರಿನ ಹಿಂಬದಿಯಲ್ಲಿ ದೀಪವಿದ್ದರೂ ಹಿಂದಕ್ಕೆ ಜೋತುಬಿದ್ದ ಜಲ್ಲೆಗಳು ಅದನ್ನು ಮುಚ್ಚಿಬಿಡುತ್ತವೆ. ಗಾಲಿ ಪಂಕ್ಚರಾಗಿ ನಿಂತರೆ ಮುಂದಿನ ಮತ್ತು ಹಿಂದಿನ ಗಾಲಿಗೆ ದಪ್ಪ ಕಲ್ಲು ಕೊಟ್ಟು, ಎಚ್ಚರಿಕೆಗೆ ಸೊಪ್ಪಿನ ಕೊಂಬೆ ಇಡುತ್ತಾರೆ. ಹಗಲು ಕೊಂಬೆ ಕಾಣುತ್ತದೆ, ರಾತ್ರಿ ಕಾಣುವುದಿಲ್ಲ. ಗಾಡಿ ಹೊರಟ ಮೇಲೆ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಈ ತಿಂಗಳು ಡೇರಿಗೂ ನಾಲೆಯ ಸೇತುವೆಗೂ ನಡುವೆ ನಾವು ಎತ್ತಿ ಬದಿಗಿಟ್ಟ ಕಲ್ಲುಗಳು ಒಂದು ಸಣ್ಣ ಗುಡ್ಡೆಯಾಗಿವೆ.

ಹೊಳೆಯುವ ಪಟ್ಟಿಯ ನಿಯಮ ಸರಳ: ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಸಂಘದ ಹಣದಿಂದ ಪಟ್ಟಿಯ ಸುರುಳಿ ತರಿಸಿ ಊರಿನ ಟ್ರೈಲರುಗಳಿಗೂ ಎತ್ತಿನ ಗಾಡಿಗಳಿಗೂ ಅಂಟಿಸತೊಡಗಿದೆವು. ಮೊದಲ ಪ್ರಯತ್ನ ವಿಫಲವಾಯಿತು. ಕೆಸರು, ಧೂಳು ಮೆತ್ತಿದ ಕಬ್ಬಿಣದ ಮೇಲೆ ಅಂಟಿಸಿದ ಪಟ್ಟಿ ವಾರದೊಳಗೆ ಕಿತ್ತುಬಂತು. ಸೀಮೆಎಣ್ಣೆಯಲ್ಲಿ ಒರೆಸಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಅಂಟಿಸಿದ ಮೇಲೆ ನಿಂತಿತು. ಆದರೂ ಜಲ್ಲೆ ಅದನ್ನು ಮರೆಮಾಡುತ್ತಿತ್ತು. ಇದಕ್ಕೆ ಉಪಾಯ ಹೇಳಿದವರು ಹೊಲಿಗೆ ಯಂತ್ರವಿರುವ ನಮ್ಮ ಸದಸ್ಯೆಯೊಬ್ಬರು: ಗೋಣಿತಟ್ಟನ್ನು ಮೊಳದಗಲಕ್ಕೆ ಕತ್ತರಿಸಿ, ಅದಕ್ಕೆ ಹೊಲಿಯಬಹುದಾದ ಕೆಂಪು ಹೊಳೆಪಟ್ಟಿಯನ್ನು ಸೇರಿಸಿ, ನಾಲ್ಕು ಮೂಲೆಗೂ ಹಗ್ಗ ಕಟ್ಟಿದರು. ಹೊರೆ ತುಂಬಿದ ಮೇಲೆ ಕೊನೆಯ ಜಲ್ಲೆಗಳ ತುದಿಗೆ ಅದನ್ನು ಬಿಗಿಯುತ್ತಾರೆ, ಕಾರ್ಖಾನೆಯಲ್ಲಿ ಇಳಿಸುವಾಗ ಬಿಚ್ಚಿ ಸೀಟಿನಡಿ ಇಟ್ಟುಕೊಳ್ಳುತ್ತಾರೆ. ರಾತ್ರಿ ಹೆಡ್‌ಲೈಟ್ ಬಿದ್ದಾಗ ದೂರದಿಂದಲೇ ಕೆಂಪಗೆ ಕಾಣುವುದನ್ನು ನೋಡಿ ನನಗೆ ತುಂಬ ಸಮಾಧಾನವಾಯಿತು. ಉಳಿದ ಪಟ್ಟಿಯ ತುಂಡುಗಳನ್ನು ಹಾಲಿನ ಕ್ಯಾನುಗಳ ಸುತ್ತ ಅಂಟಿಸಿದೆವು.

ಅಕ್ಟೋಬರ್

ಮನವಿ ಬರೆದೆವು. ಪಂಚಾಯಿತಿಯ ಒಳರಸ್ತೆಗಳಂತಲ್ಲದೆ ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ಅಲ್ಲಿ ಪಂಚಾಯಿತಿ ತಾನಾಗಿಯೇ ಏನನ್ನೂ ಕಟ್ಟುವಂತಿಲ್ಲ ಎಂಬುದನ್ನು ಪಿಡಿಒ ಅವರು ವಿವರಿಸಿದರು. ‘ಹಂಪ್ಸ್ ಬೇಕು’ ಎಂಬ ಒಂದು ಸಾಲಿನ ಬದಲು ವೇಗದ ಪಟ್ಟಿ, 52 ಮೀಟರಿನ ನಕಾಶೆ, ಮೆದೆ ತೆಗೆದ ಮೇಲಿನ ಅಳತೆ, ಸಂಜೆ ದಾಟುವವರ ವಿವರ ಎಲ್ಲವನ್ನೂ ಲಗತ್ತಿಸಿದೆವು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಮೂರನೇ ಎರಡು ಪಾಲಿನಷ್ಟು ಜನ ಸತ್ತದ್ದು ಗ್ರಾಮೀಣ ಪ್ರದೇಶದಲ್ಲಿ ಎಂಬ ಸಾರಿಗೆ ಸಚಿವಾಲಯದ ಅಂಕಿಯನ್ನೂ ಸೇರಿಸಿದೆವು. ನಗರದ ದಟ್ಟಣೆಯೇ ಅಪಾಯ, ಹಳ್ಳಿಯ ಖಾಲಿ ರಸ್ತೆ ಸುರಕ್ಷಿತ ಎಂಬ ನಂಬಿಕೆ ನಮ್ಮವರಲ್ಲೇ ಗಟ್ಟಿಯಾಗಿದೆ.

ಸ್ಥಳಕ್ಕೆ ಬಂದ ಎಂಜಿನಿಯರರು ನಮ್ಮ ಸುಣ್ಣದ ಗೆರೆಗಳನ್ನು ನೋಡಿ, ಇಲ್ಲಿ ಉಬ್ಬಿಗಿಂತ ತಿರುವಿಗೆ ಮೊದಲೇ ರಸ್ತೆಗೆ ಅಡ್ಡಲಾಗಿ ದಪ್ಪ ಬಣ್ಣದ ಪಟ್ಟಿಗಳು, ಕೆಂಪು ವೃತ್ತದ ವೇಗಮಿತಿ ಫಲಕ, ತ್ರಿಕೋನದ ಎಚ್ಚರಿಕೆ ಫಲಕ ಹೊಂದುತ್ತವೆ ಎಂದರು. ಆ ಪಟ್ಟಿಗಳ ಮೇಲೆ ಹಾಯುವಾಗ ಗಡಗಡ ಸದ್ದಾಗಿ ಚಾಲಕ ಎಚ್ಚೆತ್ತುಕೊಳ್ಳುತ್ತಾನೆ, ವಾಹನ ಎಗರುವುದಿಲ್ಲ. ಊರಿನ ಹಲವರಿಗೆ ಇದು ಸಾಲದೆನಿಸಿತು. ನನಗೆ ಸರಿಯೆನಿಸಿತು.

ನವೆಂಬರ್

ಮಕ್ಕಳ ಗ್ರಾಮಸಭೆಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ಬಸ್ಸಿನಿಂದ ಇಳಿದು ಅದರ ಮುಂದೆಯೇ ದಾಟುವಾಗ ಹಿಂದಿನಿಂದ ಮುನ್ನುಗ್ಗಿ ಬರುವ ಬೈಕು ಕಾಣುವುದಿಲ್ಲ ಎಂದಳು. ಐದು ತಿಂಗಳು ಅಳೆದ ನಮಗೆ ಇದು ಹೊಳೆದಿರಲಿಲ್ಲ. ಬಸ್ಸು ಹೊರಟ ಮೇಲೆಯೇ ದಾಟಬೇಕೆಂದು ಶಾಲೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದಾರೆ. ಜನ ರಸ್ತೆ ದಾಟುವ ಜಾಗದಿಂದ ನಿಲ್ದಾಣವನ್ನು ಮುಂದಕ್ಕೆ ಸರಿಸಲು ಕೋರಿಕೆ ಕೊಟ್ಟಿದ್ದೇವೆ.

ಅದೇ ಸಭೆಯಲ್ಲಿ, ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸು ಮೈಮೇಲೆ ಬರುತ್ತದೆಂಬ ಭಯದ ಬಗ್ಗೆಯೂ ಮಾತನಾಡಿದೆ. ಅಜ್ಜಿ ಬಿದ್ದ ದಿನ ಆ ಭಯದಿಂದ ಹಿಂದೆ ಸರಿದವರಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಹಾಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೂ ಅವರನ್ನು ಬಲವಂತಪಡಿಸುವಂತಿಲ್ಲ.

ಡಿಸೆಂಬರ್

ರಾಗಿ ಒಕ್ಕಣೆ ಶುರುವಾಯಿತು, ಜೊತೆಗೆ ಹುರುಳಿಯೂ. ಕಣ ಮಾಡಲು ಜಾಗವಿಲ್ಲದವರು ತೆನೆಯನ್ನು ಟಾರಿನ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳ ಚಕ್ರವೇ ತುಳಿದುಕೊಡುತ್ತದೆ. ಬೈಕು ಆ ಹುಲ್ಲಿನ ಮೇಲೆ ಜಾರುತ್ತದೆ; ಹುರುಳಿಯ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುವುದೂ ಉಂಟು. ರಾಶಿಯ ಸುತ್ತ ಇಟ್ಟ ಕಲ್ಲುಗಳು ರಾಶಿ ಎತ್ತಿದ ಮೇಲೂ ಅಲ್ಲೇ ಇರುತ್ತವೆ. ರಸ್ತೆಯ ವೇಗವನ್ನು ದೂರುವ ನಾವೇ ಅದನ್ನು ಕಣ ಮಾಡಿಕೊಳ್ಳುವುದು ನ್ಯಾಯವಲ್ಲ ಎಂದು ಡೇರಿಯಲ್ಲಿ ಹೇಳಿದಾಗ ಕೆಲವರು ನನ್ನ ಮೇಲೆ ಮುನಿಸಿಕೊಂಡರು, ಮುನಿಸಿಗೆ ಕಾರಣವೂ ಇದೆ: ಒಕ್ಕುವ ಯಂತ್ರದ ಬಾಡಿಗೆ ಎಲ್ಲರಿಗೂ ಎಟಕುವುದಿಲ್ಲ. ಶಾಲೆಯ ಹಿಂದಿನ ಬಯಲನ್ನು ಸಗಣಿಯಿಂದ ಸಾರಿಸಿ ಸಾಮೂಹಿಕ ಕಣ ಮಾಡಿದ್ದೇವೆ. ಸರದಿ ಬರುವವರೆಗೆ ಕಾಯಲಾಗದವರು ಈಗಲೂ ರಸ್ತೆಗೇ ಹೋಗುತ್ತಿದ್ದಾರೆ. ಆದರೆ ತಿರುವಿನಲ್ಲಿ ಹರಡುವುದನ್ನು ಎಲ್ಲರೂ ಬಿಟ್ಟಿದ್ದಾರೆ.

ಜನವರಿ, ಎರಡನೆಯ ವಾರ

ಅಡ್ಡಪಟ್ಟಿಗಳು ಬಂದಿವೆ. ವೇಗಮಿತಿಯ ಫಲಕ ಒಂದು ಬದಿಗೆ ಮಾತ್ರ ನಿಂತಿದೆ, ಇನ್ನೊಂದು ಬಾಕಿ. ಈ ವಾರ ಮತ್ತೆ ಅಳೆದಾಗ ತಿರುವಿನ ಕಡೆಯಿಂದ ಬರುವ ಹೆಚ್ಚಿನ ವಾಹನಗಳು 100 ಮೀಟರಿಗೆ ಎಂಟು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡವು, ಅಂದರೆ 45ರ ಒಳಗೆ ಬಂದವು. ಸೇತುವೆಯ ಕಡೆಯಿಂದ ಬರುವವುಗಳಲ್ಲಿ ಬದಲಾವಣೆ ಕಂಡಿಲ್ಲ. ಅಜ್ಜಿ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದಾರೆ. ಅವರ ಮನೆಯ ಹಾಲನ್ನು ಸೊಸೆ ತರುತ್ತಾರೆ.

ಮುಂದಿನ ಕೆಲಸ ನಾಲೆಯ ಏರಿಯ ದಾರಿಯದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ, ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಸೇರಿ 30 ಜನ ಪ್ರಾಣ ಕಳೆದುಕೊಂಡ ಸುದ್ದಿ ಕೇಳಿದ ದಿನ ನಮ್ಮೂರಿನಲ್ಲಿ ಒಲೆ ಹೊತ್ತಿರಲಿಲ್ಲ. ನಮ್ಮ ಭಾಗದ ಏರಿಯ ಮೇಲೆ ತಡೆಗೋಡೆ ಇಲ್ಲದ ಜಾಗಗಳೆಷ್ಟು, ಪ್ರತಿಯೊಂದೂ ಎಷ್ಟು ಉದ್ದ, ಅಲ್ಲಿ ರಸ್ತೆಯ ಅಗಲವೆಷ್ಟು ಎಂಬುದನ್ನು ಭಾನುವಾರ ಬೆಳಗಿನ ಹಾಲು ಕಳುಹಿಸಿದ ಕೂಡಲೇ ಟೇಪು ಹಿಡಿದು ಅಳೆಯಲು ಹೊರಡುತ್ತೇವೆ. ಈ ಸಲ ದೊಡ್ಡಪ್ಪನವರೂ ಬರುತ್ತೇನೆಂದಿದ್ದಾರೆ.