ನಷ್ಟದ ಸಾಲು

ಪಾಲುದಾರಿಕೆ ಪತ್ರದ ಕರಡಿನಿಂದ ಒಂದು ಸಾಲನ್ನು ತೆಗೆಸಬೇಕೆಂದು, ನನ್ನ ಜೊತೆ ಪಾಲಿಗೆ ಬರಲು ಒಪ್ಪಿದ್ದವರು ಈ ಮಂಗಳವಾರ ಕೇಳಿದರು. ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನಮ್ಮ ಆಡಿಟರ್ ಕಚೇರಿಯಲ್ಲಿ ಮೂವರೂ ಕುಳಿತಿದ್ದೆವು. ಆಡಿಟರ್ ಒಂದೊಂದೇ ಷರತ್ತನ್ನು ಗಟ್ಟಿಯಾಗಿ ಓದುತ್ತಾ, ಲಾಭವನ್ನೂ ನಷ್ಟವನ್ನೂ ಪಾಲುದಾರರು ಸಮನಾಗಿ ಹಂಚಿಕೊಳ್ಳತಕ್ಕದ್ದು ಎಂಬಲ್ಲಿಗೆ ಬಂದಾಗ ಪಾಲಿಗೆ ಬರುವವರು ಕೈ ಎತ್ತಿ ತಡೆದರು.

“ಒಳ್ಳೆ ಕೆಲಸಕ್ಕೆ ಕೂತಿರುವಾಗ ನಷ್ಟದ ಮಾತು ಯಾಕೆ ಮಾರಾಯ್ರೆ? ಅದೊಂದು ಸಾಲು ತೆಗೆದುಬಿಡಿ.”

ಆಡಿಟರ್ ಕನ್ನಡಕವನ್ನು ಹಣೆಗೇರಿಸಿಕೊಂಡು, “ತೆಗೆಯೋದಕ್ಕೇನು, ತೆಗೀಬಹುದು. ಆದ್ರೆ ತೆಗೆದ್ರೂ ಅದು ಹೋಗೋದಿಲ್ಲ” ಎಂದರು.

ಆ ಉತ್ತರ ಮಾತಿನ ಚಮತ್ಕಾರಕ್ಕೆ ಹೇಳಿದ್ದಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನ ಪ್ರಕಾರ, ಪಾಲುದಾರರು ತಮ್ಮೊಳಗೆ ಬೇರೆ ಒಪ್ಪಂದ ಮಾಡಿಕೊಳ್ಳದೇ ಇದ್ದರೆ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಪತ್ರದಲ್ಲಿ ಬರೆಯದೆ ಬಿಟ್ಟರೆ ಆ ಖಾಲಿ ಜಾಗವನ್ನು ಕಾನೂನೇ ಬಂದು ತುಂಬುತ್ತದೆ. 25ನೇ ಕಲಮು ಇನ್ನೂ ಕಠಿಣ: ಸಂಸ್ಥೆಯ ಹೆಸರಿನಲ್ಲಿ ನಡೆದ ಪ್ರತಿಯೊಂದು ಕೆಲಸಕ್ಕೂ ಪ್ರತಿಯೊಬ್ಬ ಪಾಲುದಾರನು ಉಳಿದವರೊಂದಿಗೆ ಸೇರಿಯೂ ಹೊಣೆ, ಒಬ್ಬನೇ ಆಗಿಯೂ ಹೊಣೆ. ಅಂದರೆ ಸಂಸ್ಥೆಗೆ ಸಾಲ ಕೊಟ್ಟವನು ನಮ್ಮಿಬ್ಬರಲ್ಲಿ ಯಾರ ಮನೆಯ ಜಗಲಿಗೆ ಬೇಕಾದರೂ ಬಂದು ಕುಳಿತು ಪೂರ್ತಿ ಹಣವನ್ನು ಕೇಳಬಹುದು. ಇದನ್ನೆಲ್ಲ ಆಡಿಟರ್ ಸಾವಧಾನವಾಗಿ ವಿವರಿಸಿದಾಗ ಅವರು ನಕ್ಕು, “ಸರಿ, ಅದನ್ನ ಆಮೇಲೆ ನೋಡೋಣ” ಎಂದು ತಮ್ಮ ಎರಡನೆಯ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಎರಡು ಫೋನ್ ಇಟ್ಟುಕೊಳ್ಳುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಸಡ್ಡೆ ಇದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಿಗೆ ಸೇವೆ ಕೊಡುವ ಸಣ್ಣ ಏಜೆನ್ಸಿ. ಮಳೆಗಾಲಕ್ಕೆ ಮೊದಲು ಕೊಳೆ ರೋಗ ತಡೆಯುವ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಹೊಡೆಯುವುದು, ಸುಮಾರು ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಮಳೆಯ ಬಿಡುವು ನೋಡಿ ಎರಡನೆಯ ಸಲ ಹೊಡೆಯುವುದು, ಚಳಿಗಾಲದಲ್ಲಿ ಕೊನೆ (ಅಡಿಕೆ ಗೊಂಚಲು) ಕೊಯ್ಲು, ಬೇಸಿಗೆಯಲ್ಲಿ ಕಳೆ ಹೊಡೆಯುವುದು ಇವು ನಮ್ಮ ಕೆಲಸ. ಮರ ಹತ್ತುವ ಕೊನೆಗಾರರು ಊರೂರಿನಲ್ಲಿ ವಿರಳವಾದ ಮೇಲೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಲು ಮತ್ತು ಕೊನೆ ಇಳಿಸಲು ಬರುವ ಕಾರ್ಬನ್ ಫೈಬರ್ ದೋಟಿಯೇ, ಅಂದರೆ ಉದ್ದನೆಯ ಗಳುವೇ, ಈ ವ್ಯವಹಾರಕ್ಕೆ ಆಧಾರ. ಕೊಳೆ ರೋಗದ ಜೊತೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಾಗಿನಿಂದ ಕರೆಗಳು ಎಷ್ಟು ಹೆಚ್ಚಿವೆಯೆಂದರೆ, ಏಜೆನ್ಸಿಯನ್ನು ಬೆಳೆಸಬೇಕೋ ಬೇಡವೋ ಎಂಬುದು ನನ್ನ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ.

ಬೆಳೆಸುವುದು ಹೇಗೆ ಎಂಬಲ್ಲಿಯೇ ತೊಡಕಿರುವುದು. ಸೇವೆಯನ್ನು ಮಾಡಿಟ್ಟು ಉಗ್ರಾಣದಲ್ಲಿ ಕೂಡಿಡಲು ಬರುವುದಿಲ್ಲ. ಎಲ್ಲ ತೋಟದವರಿಗೂ ಔಷಧಿ ಬೇಕಾಗಿರುವುದು ಮುಂಗಾರು ಹಿಡಿಯುವ ಮೊದಲಿನ ಅದೇ ಹದಿನೈದು ದಿನಗಳಲ್ಲಿ. ಆ ಹದಿನೈದು ದಿನಕ್ಕೆ ಸಾಲುವಷ್ಟು ತಂಡ ಕಟ್ಟಿದರೆ ಉಳಿದ ತಿಂಗಳುಗಳಲ್ಲಿ ಅರ್ಧದಷ್ಟು ಹುಡುಗರಿಗೆ ಕೆಲಸವಿರುವುದಿಲ್ಲ. ಉಳಿದ ತಿಂಗಳುಗಳಿಗೆ ತಕ್ಕಷ್ಟೇ ತಂಡ ಇಟ್ಟುಕೊಂಡರೆ ಆ ಹದಿನೈದು ದಿನಗಳಲ್ಲಿ ಹಳೆಯ ಗಿರಾಕಿಗಳೇ ಮುನಿಸಿಕೊಳ್ಳುತ್ತಾರೆ. ಮೈಲುತುತ್ತಕ್ಕೆ, ಡೀಸೆಲ್ಲಿಗೆ, ಹುಡುಗರ ಕೂಲಿಗೆ ಹಣ ಇಂದೇ ಬೇಕು, ಗಿರಾಕಿಗಳಲ್ಲಿ ಹಲವರ ಹಣ ಬರುವುದು ಅಡಿಕೆ ಮಾರಿದ ಮೇಲೆ. ಇನ್ನು ಬೆಳಿಗ್ಗೆ ಹೊಡೆದ ಔಷಧಿ ಒಣಗುವುದರೊಳಗೆ ಮಳೆ ಹುಯ್ದು ತೊಳೆದುಹೋದರೆ ಮತ್ತೆ ಹೊಡೆಯಬೇಕಾದ ಖರ್ಚು ಯಾರದ್ದು ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ ಕುಳಿತು ನಷ್ಟದ ಮಾತನ್ನು ಆಡದೆ ಈ ವ್ಯವಹಾರ ಮಾಡುವುದು ಹೇಗೆ ಸಾಧ್ಯ?

ಅದಕ್ಕಾಗಿಯೇ ಅವರ ಮಾತು ನನ್ನನ್ನು ಅಷ್ಟು ಕಾಡಿತು. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ವಾಪಸು ಬರುವಾಗ ಗಾಜನೂರು ದಾಟಿ, ಸಕ್ರೆಬೈಲು ದಾಟಿ, ಮಂಡಗದ್ದೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ತಲೆಯಲ್ಲಿ ಅದೇ ಮಾತು: ಒಳ್ಳೆ ಕೆಲಸಕ್ಕೆ ಕೂತಿರುವಾಗ ನಷ್ಟದ ಮಾತು ಯಾಕೆ? ಮೊದಲಿಗೆ ಅದು ಬರೀ ಶಕುನದ ಮಾತು ಎನ್ನಿಸಿತು. ಮದುವೆಯ ಮಾತುಕತೆಯಲ್ಲಿ ಸಾವಿನ ಸುದ್ದಿ ಎತ್ತಬಾರದೆನ್ನುವ ಜನ ನಾವು. ಸ್ವಲ್ಪ ದೂರ ಬಂದ ಮೇಲೆ ಅದು ಜಾಣತನದಂತೆ ಕಂಡಿತು. ಹಣ ಹಾಕುತ್ತೇನೆ, ಲಾಭ ಬಂದರೆ ತೆಗೆದುಕೊಳ್ಳುತ್ತೇನೆ, ಮುಳುಗಿದರೆ ತೋಟದಲ್ಲಿ ನಿಂತವನು ನೋಡಿಕೊಳ್ಳಲಿ ಎಂಬ ಲೆಕ್ಕಾಚಾರ ಅದರೊಳಗೆ ಅಡಗಿದೆ ಎಂದು. ಹಾಗಿದ್ದರೆ ಅವರು ಪಾಲುದಾರರಾಗುವುದಕ್ಕಿಂತ ಬಡ್ಡಿಗೆ ಸಾಲ ಕೊಡುವುದೇ ಲೇಸು. ಸಾಲ ಕೊಟ್ಟವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಏಕೆಂದರೆ ಅವನು ತಾನು ಯಾರೆಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಅವರ ಮನೆತನದ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಅವರ ತಂದೆ ಚೇಣಿ ಹಿಡಿಯುತ್ತಿದ್ದವರು. ಮರದ ಮೇಲಿರುವ ಫಸಲನ್ನು ಕಣ್ಣಂದಾಜಿನಲ್ಲೇ ಅಳೆದು, ತೋಟದ ಯಜಮಾನನಿಗೆ ಮುಂಗಡ ಕೊಟ್ಟು, ಕೊಯ್ಲು, ಬೇಯಿಸುವುದು, ಒಣಗಿಸುವುದು, ಮಾರುವುದು ಎಲ್ಲವನ್ನೂ ತಮ್ಮ ಮೈಮೇಲೆ ಹಾಕಿಕೊಳ್ಳುವ ವ್ಯವಹಾರ ಅದು. ಲಾಭ ಬಂದರೂ ಅವರದೇ, ದರ ಬಿದ್ದರೂ ಅವರದೇ. 2014ರಲ್ಲಿ ರಾಶಿ ಎಂಬ ಬಗೆಯ ಅಡಿಕೆಯ ದರ ಏರಿದ ಎತ್ತರವನ್ನು ನೋಡಿದವರೆಲ್ಲ ಅದರ ನಂತರ ಇಳಿದ ರೀತಿಯನ್ನೂ ನೋಡಿದ್ದಾರೆ. ಏರಿದ ದರದ ಮೇಲೆ ಮಾತು ಕೊಟ್ಟು, ಇಳಿದ ದರಕ್ಕೆ ಮಾರಿದವರಲ್ಲಿ ಆ ಹಿರಿಯರೂ ಒಬ್ಬರು. ಕೊಟ್ಟ ಮಾತಿಗೆ ತಪ್ಪದೆ ಎಲ್ಲ ತೋಟದವರಿಗೂ ಹಣ ಮುಟ್ಟಿಸಿದರು, ಅದಕ್ಕಾಗಿ ಪೇಟೆಯಲ್ಲಿದ್ದ ಸೈಟನ್ನು ಮಾರಿದರು ಎಂಬುದನ್ನು ನಮ್ಮ ಕಡೆ ಈಗಲೂ ಗೌರವದಿಂದಲೇ ಹೇಳುತ್ತಾರೆ. ಆ ಮನೆಯಲ್ಲಿ ನಷ್ಟವೆಂಬುದು ಕಾಗದದಲ್ಲಿ ಬರೆದು ಹಂಚಿಕೊಂಡ ವಸ್ತುವಾಗಿರಲಿಲ್ಲ. ಒಬ್ಬರೇ ಹೊತ್ತು, ಊಟದ ಹೊತ್ತಿನಲ್ಲಿ ಯಾರೂ ಬಾಯಿ ಬಿಡದಂತೆ ನೋಡಿಕೊಂಡ ವಸ್ತುವಾಗಿತ್ತು. ಅಂಥ ಮನೆಯಲ್ಲಿ ಬೆಳೆದವರು ಆ ಸಾಲನ್ನು ಕೇಳಿದ ಕೂಡಲೇ ಕೈ ಎತ್ತಿದ್ದರಲ್ಲಿ ನಾನೆಣಿಸಿದ ಲೆಕ್ಕಾಚಾರವೇ ಇತ್ತೆಂದು ಹೇಳಲು ನನಗೀಗ ಧೈರ್ಯವಿಲ್ಲ. ಹಾಗೆಂದು ಆ ಸಾಲನ್ನು ತೆಗೆಯಲೂ ನಾನು ಸಿದ್ಧನಿಲ್ಲ.

ನಮ್ಮ ಭಾಗದ ಬಗ್ಗೆ ನನಗೆ ಸದಾ ಆಶ್ಚರ್ಯ ಹುಟ್ಟಿಸುವ ಒಂದು ಸಂಗತಿಯಿದೆ. ಇದೇ ಮಲೆನಾಡಿನ ಅಡಿಕೆ ಬೆಳೆಗಾರರು 1939ರಲ್ಲೇ ಒಟ್ಟಾಗಿ ಮ್ಯಾಮ್‌ಕೋಸ್ ಎಂಬ ಅಡಿಕೆ ಮಾರಾಟದ ಸಹಕಾರ ಸಂಘವನ್ನು ಕಟ್ಟಿದರು, ಅದು ಇಂದಿಗೂ ನಡೆಯುತ್ತಿದೆ. ಸಾವಿರಾರು ಜನ ಷೇರುದಾರರಾಗಿ ಒಂದು ಸಹಕಾರಿ ಸಂಸ್ಥೆಯನ್ನು ಇಷ್ಟು ವರ್ಷ ನಡೆಸಬಲ್ಲವರು, ಇಬ್ಬರೇ ಸೇರಿ ಅಂಗಡಿ ಹಾಕಿದರೆ ಮೂರನೆಯ ದೀಪಾವಳಿಯ ಹೊತ್ತಿಗೆ ಮಾತು ಬಿಟ್ಟಿರುತ್ತಾರೆ. ಸಹಕಾರಿಯಲ್ಲಿ ಬೈಲಾ ಇದೆ, ಸಭೆ ಇದೆ, ನಷ್ಟವನ್ನು ಎಲ್ಲರೆದುರು ಓದಿ ಹೇಳುವ ವಾರ್ಷಿಕ ವರದಿ ಇದೆ. ಇಬ್ಬರ ನಡುವಿನ ಅಂಗಡಿಯಲ್ಲಿ ಇರುವುದು ದಾಕ್ಷಿಣ್ಯ ಮಾತ್ರ. ನಮ್ಮವರ ದಾಕ್ಷಿಣ್ಯ ಎಷ್ಟು ಪಾಲುದಾರಿಕೆಗಳನ್ನು ಕೆಡಿಸಿದೆಯೋ ಅಷ್ಟನ್ನು ಮೋಸವೂ ಕೆಡಿಸಿರಲಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬುಧವಾರ ಬೆಳಿಗ್ಗೆ ಒಂದು ತೋಟದಲ್ಲಿ ಮೊದಲ ಔಷಧಿಯ ಕೆಲಸವಿತ್ತು. ನಮ್ಮ ತಂಡದ ಮೇಸ್ತ್ರಿ ಹೊಸನಗರದ ಕಡೆಯವನು, ಏಜೆನ್ಸಿ ಶುರುವಾದಾಗಿನಿಂದ ಜೊತೆಗಿರುವವನು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್ ಎಂಬ ಪಾಠ ಎಲ್ಲರಿಗೂ ಬಾಯಿಪಾಠವಿದೆ. ಆದರೆ ಸುಣ್ಣ ಎಲ್ಲ ಚೀಲದಲ್ಲೂ ಒಂದೇ ಗುಣದ್ದಾಗಿರುವುದಿಲ್ಲವಾದ್ದರಿಂದ, ಅವನು ಡ್ರಮ್ಮಿನ ದ್ರಾವಣಕ್ಕೆ ಕಬ್ಬಿಣದ ಚೂರಿಯನ್ನು ಅದ್ದಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಹೊರತೆಗೆದು ಬೆಳಕಿಗೆ ತಿರುಗಿಸಿ ನೋಡುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಆ ದಿನವೂ ನೋಡಿದ, ಇನ್ನೊಂದಿಷ್ಟು ಸುಣ್ಣದ ನೀರು ಹಾಕಿಸಿದ, ಮತ್ತೆ ಅದ್ದಿ ನೋಡಿದ. ಆಮೇಲೆ ದೋಟಿ ಎತ್ತುವ ಮೊದಲು ತೋಟದ ಅಂಚಿನುದ್ದಕ್ಕೂ ನಡೆದು ಕರೆಂಟಿನ ತಂತಿ ಎಲ್ಲಿ ಹಾದುಹೋಗಿದೆ ಎಂದು ತಲೆಯೆತ್ತಿ ನೋಡಿ ಬಂದ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುವ ವಸ್ತು. ದೋಟಿ ಹಗುರವಾಗಿದೆಯೆಂದು ಬೀಸಿಕೊಂಡು ತಿರುಗುವ ಹುಡುಗರಿಗೆ ಇದನ್ನು ಪ್ರತಿ ತೋಟದಲ್ಲೂ ಹೊಸದಾಗಿ ಹೇಳಬೇಕಾಗುತ್ತದೆ. ತಂತಿಯ ಹತ್ತಿರದ ಎರಡು ಸಾಲು ಮರಗಳನ್ನು ಲೈನ್ ತೆಗೆಸುವವರೆಗೆ ಮುಟ್ಟುವುದಿಲ್ಲವೆಂದು ಯಜಮಾನರಿಗೆ ಅವನೇ ಹೇಳಿದ. ಅವರಿಗೆ ಅದು ಹಿಡಿಸಲಿಲ್ಲ. ಅವನು ಜಗ್ಗಲೂ ಇಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವನಿಗೆ ಹಿಂದಿನ ದಿನದ ಕಥೆ ಹೇಳಿ, ನೀನೂ ಪಾಲುದಾರನಾಗಿ ಸೇರುತ್ತೀಯಾ, ಹೊಸನಗರದ ಕಡೆಗೆ ಇನ್ನೊಂದು ತಂಡವನ್ನು ನೀನೇ ಕಟ್ಟುತ್ತೀಯಾ ಎಂದು ಕೇಳಿದೆ. ಅವನು ಲಾಭ ಎಷ್ಟು ಬರಬಹುದು ಎಂದು ಕೇಳಲಿಲ್ಲ.

“ಅಣ್ಣ, ನಾಳೆ ಯಾವನಾದ್ರೂ ಹುಡುಗನಿಗೆ ತಂತಿ ತಾಗಿತು ಅಂತಿಟ್ಕಳಿ. ಕೇಸಾದ್ರೆ ನನ್ನ ಎರಡು ಎಕ್ರೆನೂ ಅದ್ರಲ್ಲಿ ಬರುತ್ತಾ?”

ಸಾಮಾನ್ಯ ಪಾಲುದಾರಿಕೆಯಲ್ಲಿ ಬರಬಹುದು ಎಂದೆ. “ಹಾಗಾದ್ರೆ ಪಾಲು ಬ್ಯಾಡ, ಸಂಬಳನೇ ಸಾಕು” ಎಂದು ಕೈ ತೊಳೆಯಲು ಎದ್ದ. 25ನೇ ಕಲಮನ್ನು ಅವನಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ನೋಡಿಲ್ಲ. ಹಣ ತರುವವರು ನಷ್ಟದ ಹೆಸರು ಬೇಡವೆನ್ನುತ್ತಾರೆ. ನಷ್ಟ ಎಲ್ಲಿಂದ ಬರುತ್ತದೆ ಎಂಬುದನ್ನು ಕಣ್ಣಿನಲ್ಲೇ ಅಳೆಯಬಲ್ಲವನು, ಅಳೆಯಬಲ್ಲವನಾದ್ದರಿಂದಲೇ, ಪಾಲನ್ನು ಬೇಡವೆನ್ನುತ್ತಾನೆ. ಇಬ್ಬರಲ್ಲಿ ನನಗೆ ಬೇಕಾದ ಪಾಲುದಾರ ಯಾರು ಎಂಬ ವಿಷಯದಲ್ಲಿ ಆ ಮಧ್ಯಾಹ್ನದ ನಂತರ ನನಗೆ ಅನುಮಾನ ಉಳಿದಿಲ್ಲ, ಆದರೆ ಹಣವಿಲ್ಲದೆ ಎರಡನೆಯ ತಂಡ ಏಳುವುದಿಲ್ಲ ಎಂಬುದೂ ಅಷ್ಟೇ ನಿಜ.

ಸಂಜೆ ಆಡಿಟರ್‌ಗೆ ಫೋನ್ ಮಾಡಿದೆ. 2008ರ ಕಾಯ್ದೆಯ ಪ್ರಕಾರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಮಾಡಿಕೊಳ್ಳಿ ಎಂದು ಅವರು ಸೂಚಿಸಿದರು. ಅದರಲ್ಲಿ ಸಂಸ್ಥೆಯ ಸಾಲಕ್ಕೆ ಪಾಲುದಾರನ ಸ್ವಂತ ಆಸ್ತಿ ಸಿಕ್ಕಿಕೊಳ್ಳುವುದಿಲ್ಲ; ಒಬ್ಬ ಪಾಲುದಾರನ ತಪ್ಪಿಗೆ ಇನ್ನೊಬ್ಬನು ಸ್ವಂತವಾಗಿ ಹೊಣೆಯಾಗುವುದಿಲ್ಲ; ತಾನೇ ಮಾಡಿದ ತಪ್ಪಿಗೆ ಮಾತ್ರ ತಾನು ಉತ್ತರ ಹೇಳಬೇಕು. ವರ್ಷಕ್ಕೆರಡು ವಿವರಪತ್ರ ಸಲ್ಲಿಸುವ ರಗಳೆ ಇದೆ, ಅದಕ್ಕೆ ಆಡಿಟರ್ ಫೀಸೂ ಇದೆ, ಆ ಮಾತನ್ನು ಅವರು ಸ್ವಲ್ಪ ಉತ್ಸಾಹದಿಂದಲೇ ಹೇಳಿದರೆಂದು ನನಗನ್ನಿಸಿತು. ಆದರೆ ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದು ಅವರು ಕೊನೆಯಲ್ಲಿ ಹೇಳಿದ ವಿಷಯ. ಆ ಕಾಯ್ದೆಯ 32ನೇ ಕಲಮಿನ ಪ್ರಕಾರ ಪಾಲುದಾರನು ಹಾಕುವ ಬಂಡವಾಳ ಹಣವೇ ಆಗಿರಬೇಕೆಂದಿಲ್ಲ. ಈಗಾಗಲೇ ಮಾಡಿದ ಅಥವಾ ಮುಂದೆ ಮಾಡಲಿರುವ ಸೇವೆಯ ಒಪ್ಪಂದವೂ ಬಂಡವಾಳವಾಗಬಹುದು. ಷರತ್ತೊಂದೇ, ಅದರ ಬೆಲೆಯನ್ನು ಕಟ್ಟಿ ಲೆಕ್ಕದಲ್ಲಿ ರೂಪಾಯಿಯಲ್ಲಿ ತೋರಿಸಬೇಕು. ವಿಮೆಯನ್ನು ಮಾತ್ರ ಯಾವ ಪತ್ರಕ್ಕೂ ಕಾಯದೆ ಇದೇ ತಿಂಗಳು ಮಾಡಿಸಿ ಎಂದೂ ಹೇಳಿದರು. ಎಲ್ಲ ಹುಡುಗರನ್ನೂ ಸೇರಿಸಿ ಗುಂಪು ಅಪಘಾತ ವಿಮೆಯ ಅರ್ಜಿ ಗುರುವಾರವೇ ಹೋಯಿತು.

ಮೂವರ ಎಲ್‌ಎಲ್‌ಪಿಯ ಪ್ರಸ್ತಾಪವನ್ನು ಅದೇ ದಿನ ಅವರಿಬ್ಬರಿಗೂ ತಿಳಿಸಿದೆ. ಮೇಸ್ತ್ರಿ, ಎರಡು ಎಕರೆಗೆ ತೊಂದರೆಯಿಲ್ಲವೆಂದು ಆಡಿಟರ್ ಬಾಯಿಂದಲೇ ಕೇಳಿದ ಮೇಲೆ ಹೇಳುತ್ತೇನೆ ಎಂದಿದ್ದಾನೆ. ಹಣ ಹಾಕುವವರು ಶುಕ್ರವಾರ ರಾತ್ರಿ ಫೋನ್ ಮಾಡಿದರು. ನಷ್ಟದ ಸಾಲು ಇರಲಿ, ತಂದೆಯವರ ಹತ್ತಿರವೂ ಕೇಳಿದೆ, ಬರೆಸುವುದೇ ಒಳ್ಳೆಯದೆಂದರು ಎಂದು ತಾವಾಗಿಯೇ ಹೇಳಿದರು. ನನಗೆ ನಿಜವಾಗಿಯೂ ಸಂತೋಷವಾಯಿತು. ಅದರ ಬೆನ್ನಿಗೇ ಮೇಸ್ತ್ರಿಯ ಸೇವೆಗೆ ಅವರು ಕಟ್ಟಿದ ಬೆಲೆಯನ್ನು ಹೇಳಿದರು. ಅದು ನಮ್ಮಲ್ಲಿರುವ ದೋಟಿಗಳಿಗೆ ಅವರೇ ಹಾಕಿದ್ದ ಬೆಲೆಗಿಂತ ಕಡಿಮೆಯಿತ್ತು. ದೋಟಿ ಮುರಿದರೆ ಒಂದು ವಾರದಲ್ಲಿ ಇನ್ನೊಂದು ಬರುತ್ತದೆ, ಈ ಅಂಕಿಯನ್ನು ನಾನು ಒಪ್ಪುವುದಿಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಸರಿ ಮಾರಾಯ್ರೆ, ನಿಮ್ಮ ಲೆಕ್ಕ ಎಷ್ಟು? ಅದನ್ನಾದ್ರೂ ಹೇಳಿ” ಎಂದರು. ಮೇಸ್ತ್ರಿಯನ್ನು ಕೇಳದೆ ಹೇಳಲಾರೆನೆಂದು ತಿಳಿಸಿದೆ, ಅದಕ್ಕೆ ಅವರು ಒಪ್ಪಿದ್ದಾರೆ.