39 ಬೆಳಗು

27 ಏಪ್ರಿಲ್ 2025, ಭಾನುವಾರ, ರಾತ್ರಿ 9

ಬೆಳಿಗ್ಗೆ ಎಂಟಕ್ಕೆ ಅಕ್ಕನ ಮಗ ಚಿನ್ನು ತಿಪಟೂರಿಗೆ ಹೊರಟ. ಹತ್ತು ದಿನದಿಂದ ಟೀವಿ ಮುಂದೆ ಹರಡಿದ್ದ ವೈರು, ಚಾರ್ಜರು, ಚಕ್ಕುಲಿ ಚೂರು ಎಲ್ಲ ಗುಡಿಸಿದ್ದಾಯಿತು. ಮಕ್ಕಳ ಮನೆ ಕಟ್ಟೋ ಆಟ ನಡೆಸೋ ಪುಟ್ಟ ಕಂಪ್ಯೂಟರು, ರಾಸ್ಪ್‌ಬೆರಿ ಪೈ, ಮಾತ್ರ ಇನ್ನೂ ಟೀವಿ ಹಿಂದೆ ಮಿಣಮಿಣ ಅಂತ ಕೂತಿತ್ತು. ಆಫ್ ಮಾಡೋಣ ಅಂತ ಹೋದೆ, ಅಷ್ಟರಲ್ಲಿ ಅಕ್ಕನ ಫೋನಿಂದ ಕಾಲ್. ಅಕ್ಕ ಅಲ್ಲ, ಅವನೇ.

"ಮಾಮ, ಪೈ ಆಫ್ ಮಾಡಿಬಿಟ್ಯಾ?"

"ಇಲ್ವೋ, ಯಾಕೆ?"

"ಮಾಡ್ಬೇಡ. ನನ್ ಮನೆ ಇದೆ ಅಲ್ಲಿ."

ಆಫ್ ಮಾಡಿದರೂ ಮನೆ ಎಲ್ಲಿಗೂ ಹೋಗಲ್ಲ ಕಣೋ, ಎಲ್ಲಾ ಮೆಮೊರಿ ಕಾರ್ಡಿನಲ್ಲಿರುತ್ತೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ರೈಲಿನ ಸದ್ದು. ಆಮೇಲೆ, "ಆದ್ರೂ ಅಲ್ಲಿ ಬೆಳಗಾಗಲ್ವಲ್ಲ" ಅಂದ.

ಏನು ಹೇಳಬೇಕೋ ತೋಚಲಿಲ್ಲ. ಹುಡುಗ ಹೇಳಿದ್ದು ಸರಿಯೇ. ಆ ಆಟದಲ್ಲಿ ಒಂದು ದಿನ ಅಂದರೆ ನಮ್ಮ 20 ನಿಮಿಷ. ಯಾರೂ ಆಡದಿದ್ದರೂ ಪೈನಲ್ಲಿ ಸರ್ವರ್, ಅಂದರೆ ಆಟ ನಡೆಸೋ ಪ್ರೋಗ್ರಾಮು, ನಡೀತಾ ಇರೋವರೆಗೂ ಅದರ ಗಡಿಯಾರ ನಿಲ್ಲಲ್ಲ, ನಮ್ಮ ಒಂದು ದಿನಕ್ಕೆ ಅಲ್ಲಿ 72 ಸಲ ಸೂರ್ಯ ಹುಟ್ಟಿ ಮುಳುಗುತ್ತಾನೆ. ಇವನು ಮನೆಯಿಂದ ಹೊರಟ ಮೇಲೆ ಈ ಹೊತ್ತಿಗೆ 39 ಬೆಳಗಾಗಿದೆ. ನೋಡೋಕೆ ಒಬ್ಬರೂ ಇಲ್ಲ. ಆಫ್ ಮಾಡಲಿಲ್ಲ.

ಮೊದಲ ದಿನ ಏನು ಗಲಾಟೆ ಅಂತೀರಿ! ಪೈನಲ್ಲಿ ಇದ್ದಿದ್ದು ಆಟದ ಹಳೇ 5.6 ಆವೃತ್ತಿ, ಅದರಲ್ಲಿ ಆಟದ ಹೆಸರು ಮೈನ್‌ಟೆಸ್ಟ್. ಫೋನಿಗೆ ಇಳಿಸಿಕೊಂಡರೆ ಲುವಾಂಟಿ ಅಂತ ಬಂತು. ಹೋದ ವರ್ಷ ಅಕ್ಟೋಬರಿನಲ್ಲಿ ಹೆಸರು ಬದಲಾಯಿಸಿದ್ದಾರೆ, ಫಿನ್ನಿಶ್ ಭಾಷೆಯಲ್ಲಿ ಲುವೊಂಟಿ ಅಂದರೆ ಸೃಷ್ಟಿಯಂತೆ. ಪುಟ್ಟಿ ಒಪ್ಪಲೇ ಇಲ್ಲ. "ಅಪ್ಪ, ಇದು ಬೇರೆ ಆಟ, ನೀನು ತಪ್ಪು ಇಳ್ಸಿದೀಯ" ಅಂತ ಒಂದೇ ಹಟ. ಪೈನ ವಿಳಾಸ, ಪೋರ್ಟ್ (ಆಟದ ಬಾಗಿಲ ನಂಬರು) 30000 ಎಲ್ಲ ಹಾಕಿದರೂ ಅವಳ ಟ್ಯಾಬ್ ಸೇರಲಿಲ್ಲ, ಚಿನ್ನು ಕೈಲಿದ್ದ ಫೋನ್ ಸೇರಿತು. ಅರ್ಧ ಗಂಟೆ ಸೆಟ್ಟಿಂಗು ತಡಕಾಡಿದ ಮೇಲೆ ನೋಡಿದರೆ ಟ್ಯಾಬು ಗೆಸ್ಟ್ ವೈಫೈನಲ್ಲಿ ಕೂತಿದೆ! ನೆಂಟರಿಗೆ ಅಂತ ನಾನೇ ಮಾಡಿಟ್ಟಿದ್ದು. ಅದರಲ್ಲಿದ್ದವರಿಗೆ ಮನೆಯ ಬೇರೆ ಯಾವ ಸಾಧನವೂ ಕಾಣಲ್ಲ. ಮನೆ ಮಗಳು ನೆಂಟರ ವೈಫೈನಲ್ಲಿ, ನೆಂಟ ಮನೆ ವೈಫೈನಲ್ಲಿ. ಅಮ್ಮನಿಗೆ ಹೇಳಿದರೆ ಅವರಿಗೆ ನಗು ತಡೆಯೋಕಾಗಲಿಲ್ಲ.

ಆಮೇಲೆ ಮೌಸಿಗೆ ಜಗಳ. ಟೀವಿ ಮುಂದೆ ಪೈನಲ್ಲಿ ಆಡೋರಿಗೆ ಕೀಬೋರ್ಡು, ಮೌಸು, ಸರ ಸರ ಅಂತ ಅಗೆಯಬಹುದು. ಫೋನಿನವರು ಹೆಬ್ಬೆರಳು ಒತ್ತಿ ಹಿಡಿದುಕೊಂಡು ಕೂತಿರಬೇಕು. ಊಟಕ್ಕೆ ಮುಂಚೆ ಒಬ್ಬರು, ಊಟ ಆದ ಮೇಲೆ ಇನ್ನೊಬ್ಬರು ಅಂತ ಅಮ್ಮ ತೀರ್ಪು ಕೊಟ್ಟರು.

ನನಗೂ ಇದು ಹಳೇ ಆಸೆ. 2013ರಲ್ಲಿ ಪೈಗೆ ಅಂತಲೇ ಇದೇ ಥರದ ಮೈನ್‌ಕ್ರಾಫ್ಟ್ ಆಟ ಪುಕ್ಕಟೆ ಬಿಟ್ಟಾಗ, ಫೋನಿನ 0.6.1 ಆವೃತ್ತಿ ಜೊತೆ ಅದು ಒಂದೇ ವೈಫೈನಲ್ಲಿ ಸೇರಿಕೊಳ್ಳುತ್ತಿತ್ತು. ಆಮೇಲೆ ಫೋನಿನದು ಮುಂದೆ ಹೋಯಿತು, ಪೈನದು ಅಲ್ಲೇ ನಿಂತಿತು. ಆಗ ಜೊತೆಗೆ ಆಡೋಕೆ ನನಗೆ ಯಾರೂ ಇರಲಿಲ್ಲ ಅನ್ನೋದು ಬೇರೆ ಮಾತು.

ಸಂಜೆ ಮತ್ತೆ ಅವನ ಫೋನು. ಇಲ್ಲಿಂದಲೇ ಆಡಬಹುದಾ ಮಾಮ ಅಂತ. ರೂಟರಿನಲ್ಲಿ ಪೋರ್ಟ್ ತೆರೆದು ನೋಡಿದೆ, ಆಗಲಿಲ್ಲ. ಇಂಟರ್ನೆಟ್ ಕೊಡೋರು ಒಂದೇ ವಿಳಾಸವನ್ನು ಎಷ್ಟೋ ಮನೆಗೆ ಹಂಚಿರುತ್ತಾರೆ, ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿಂದ ಬಂದವರು ನಮ್ಮ ಬಾಗಿಲಿಗೇ ಬರೋದು ಹೇಗೆ? ದೂರದ ಸಾಧನಗಳನ್ನೂ ಒಂದೇ ಮನೆಯಲ್ಲಿದ್ದ ಹಾಗೆ ಜೋಡಿಸೋ ಟೇಲ್‌ಸ್ಕೇಲ್ ಹಾಕಿದರೆ ಆಗುತ್ತೆ, ಪೈಗೂ ಅಕ್ಕನ ಫೋನಿಗೂ. ನೋಡೋಣ ಅಂದೆ. "ನೋಡೋಣ ಅಂದ್ರೆ ಇಲ್ಲ ಅಂತ ತಾನೆ" ಅಂದ. ಎಂಟು ವರ್ಷದವನು!

ಪುಟ್ಟಿ ಮಲಗಿದ ಮೇಲೆ ಸುಮ್ನೆ ಒಳಗೆ ಹೋಗಿ ಬಂದೆ. ಕೆರೆ ದಂಡೆ ಮೇಲೆ ಅವನ ಮನೆ. ಅದರಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂರಲ್ಲ ಅಂತ, ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಚಿನ್ನು ಮನೆ" ಅಂತ ಬರೆದಿದ್ದಾನೆ. ಕಬ್ಬಿಣದ ಬಾಗಿಲು ಹಾಕಿದ್ದಾನೆ, ಅದು ಹಾಕಿದವರಿಗೆ ಮಾತ್ರ ತೆರೆಯೋದು. ಸರ್ವರ್ ನಡೆಸೋನು ನಾನು, ಒಂದು ಸಾಲು ಟೈಪ್ ಮಾಡಿ ಅಧಿಕಾರ ತಗೊಂಡರೆ ನನಗೂ ತೆರೆಯುತ್ತೆ. ಮಾಡಲಿಲ್ಲ. ಗಾಜಿನಿಂದ ಇಣುಕಿದೆ. ಎರಡು ಹಾಸಿಗೆ, ಒಂದು ಪೆಟ್ಟಿಗೆ, ನಾಲ್ಕು ದೀಪ. ಎರಡನೇ ಹಾಸಿಗೆ ಪುಟ್ಟಿಗೋ ಏನೋ.

ಕರೆಂಟು ಹೋಗೋ ಮುಂಚೆ ಆಟದ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಡಬೇಕು, ಕಾರ್ಡು ನಂಬೋ ಹಾಗಿಲ್ಲ. ಆಮೇಲೆ ಅಕ್ಕನ ಫೋನಿಗೆ ಟೇಲ್‌ಸ್ಕೇಲ್ ಹಾಕೋದು. ಅದರಲ್ಲಿ ಜಾಗವೇ ಇಲ್ಲ, ಪೂರ್ತಿ ಗುಡ್ ಮಾರ್ನಿಂಗ್ ಫೋಟೋ. ಭಾವನ ಫೋನಿಗೆ ಹಾಕೋಣ ಅಂದರೆ ಮೊದಲು ಅವರಿಗೆ ಇದೆಲ್ಲ ಏನು ಅಂತ ಹೇಳಬೇಕು.